ಧೂಳೊರೆಸಿ ಹೋದ ಕಳ್ಳ

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ನೋಡಲು ಚಿಕ್ಕದು. ಸರ್ಕಾರಿ ಆಂಬ್ಯುಲೆನ್ಸ್ ಕರೆ ಕೇಂದ್ರದ ಸರ್ವರ್ ಕೋಣೆಯಿಂದ ಒಂದು ಹಳೆಯ ಹಾರ್ಡ್ ಡಿಸ್ಕ್ ಕಳುವಾಗಿತ್ತು. ಅಂಗೈಯಗಲದ ವಸ್ತು. ಆದರೆ ಅದರಲ್ಲಿ ಮೂರು ವರ್ಷದ ಹಿಂದಿನ ಕರೆಗಳ ರೆಕಾರ್ಡಿಂಗ್ ಇತ್ತು, ಅವುಗಳಲ್ಲಿ ಒಂದನ್ನು ಸೋಮವಾರ ನ್ಯಾಯಾಲಯಕ್ಕೆ ಹಾಜರುಪಡಿಸಬೇಕಿತ್ತು.

ದೂರು ತಂದವರು ಕೇಂದ್ರದ ಆಡಳಿತಾಧಿಕಾರಿ. ಅವರ ಬೆನ್ನಿಗೇ, ಕೇಂದ್ರದಲ್ಲಿ ಸುದ್ದಿ ಕೇಳಿದ ಬಸ್ ಚಾಲಕನೊಬ್ಬ ಯಾರೂ ಕರೆಯದೆ ಬಂದು ಬೆಂಚಿನ ಮೇಲೆ ಕೂತ. ಆ ಕರೆ ಅವನದು. ಹೆಂಡತಿಗೆ ಎದೆನೋವು ಬಂದಾಗ ಮಾಡಿದ್ದು. ಆಂಬ್ಯುಲೆನ್ಸ್ ಹಳೆ ಗಿರಣಿಯ ಹಿಂದಿದ್ದ ಅವನ ಮನೆ ಬಿಟ್ಟು ಬೇರೆ ಯಾವುದೋ ಬೀದಿಗೆ ಹೋಗಿ, ಸುತ್ತಿ ಬಳಸಿ ಬರುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ‘ವಿಳಾಸ ತಪ್ಪು ಹೇಳಿದ್ದು ಈತ, ಇಲ್ಲವೇ ತಪ್ಪು ಕೇಳಿಸಿಕೊಂಡದ್ದು ಕರೆ ತೆಗೆದುಕೊಂಡ ಆಪರೇಟರ್’ ಎಂದು ಕೇಂದ್ರ ಕೈ ತೊಳೆದುಕೊಂಡಿತ್ತು.

“ಹೆಂಡ್ತಿನ ನಾನೇ ಕೊಂದೆ ಅನ್ನೋ ಹಾಗೆ ಬರೆದವ್ರೆ ಸಾರ್,” ಎಂದ ಚಾಲಕ. “ನನ್ ಮಗಳೂ ಈಗ ನನ್ನನ್ನ ಹಾಗೇ ನೋಡ್ತಾಳೆ. ಅದೊಂದು ಕರೆ ಅವಳ ಕಿವಿಗೆ ಬಿದ್ರೆ ಸಾಕು. ಬೇರೇನೂ ಬೇಡ ನಂಗೆ.”

ಇನ್‌ಸ್ಪೆಕ್ಟರ್ ಅವನ ಮಾತನ್ನೂ ಬರೆದುಕೊಂಡರು. ಎಫ್‌ಐಆರ್ ದಾಖಲಿಸಿಕೊಂಡು, ಹೆಡ್ ಕಾನ್‌ಸ್ಟೇಬಲನ್ನು ಕರೆದುಕೊಂಡು ಹೊರಟರು. ಈ ಹೆಡ್ ಕಾನ್‌ಸ್ಟೇಬಲಿಗೆ ಠಾಣೆಯಲ್ಲಿ ಮೀಸೆ ಎಂದೇ ಹೆಸರು. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಮುಖ ಬಿಟ್ಟು ಹೋಗಿರಲಿಲ್ಲ.

ಹನ್ನೊಂದಕ್ಕೆ ಪಂಚನಾಮೆ ಶುರುವಾಯಿತು. ಕಿಟಕಿಯಿಲ್ಲದ ಕೋಣೆ, ಎ.ಸಿ.ಯ ಥಂಡಿ, ಗುಂಯ್ ಎನ್ನುವ ಯಂತ್ರಗಳು. ಬೀಗ ಒಡೆದಿರಲಿಲ್ಲ.

“ಡಿಸ್ಕ್ ಯಾವುದರಲ್ಲಿತ್ತು?”

ಆಡಳಿತಾಧಿಕಾರಿ ಗಂಭೀರವಾಗಿ ಒಂದು ಪೆಟ್ಟಿಗೆ ತೋರಿಸಿದರು. ಅದು ಎ.ಸಿ.ಯ ಸ್ಟೆಬಿಲೈಸರ್.

“ಕೀಲಿ ಯಾರ ಹತ್ರ ಇರುತ್ತೆ?”

“ಸಿಸ್ಟಮ್ ಅಣ್ಣನ್ನ ಕೇಳಬೇಕು.”

“ಪಾಸ್‌ವರ್ಡು?”

“ಅದೂ ಅವರನ್ನೇ ಕೇಳಬೇಕು.”

ಸಿಸ್ಟಮ್ ಅಣ್ಣ ಎಂದರೆ ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಸಹಾಯಕ ತಂತ್ರಜ್ಞ. ಪ್ರಿಂಟರ್ ಮುನಿಸಿಕೊಂಡರೆ ಅವನು, ಪರದೆ ಕಪ್ಪಾದರೆ ಅವನು. ಕೆಟ್ಟಾಗ ಹತ್ತು ಸಲ ಅಣ್ಣಾ ಅಣ್ಣಾ ಎನ್ನುವವರು ಸರಿಯಿದ್ದಾಗ ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಐವತ್ತರ ಹತ್ತಿರದ ಆ ಮನುಷ್ಯ ಬಾಗಿಲ ಬಳಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ಸರ್ವರನ್ನು ತೋರಿಸಿದವನು ಅವನೇ.

“ಕಳುವು ಗೊತ್ತಾಗಿದ್ದು ಹೇಗೆ?” ಎಂದು ಇನ್‌ಸ್ಪೆಕ್ಟರ್ ಆಡಳಿತಾಧಿಕಾರಿಯನ್ನು ಕೇಳಿದರು.

“ಕೋರ್ಟಿನ ವಿಷಯ ಅಲ್ವಾ, ರಜೆ ಇದ್ರೂ ಬಂದು ರೆಕಾರ್ಡಿಂಗ್ ನೋಡೋಣ ಅಂದೆ. ತೆರೀಲೇ ಇಲ್ಲ, ಡಿಸ್ಕೇ ಇಲ್ಲ ಅಂತ ಪರದೆ ಮೇಲೆ ಬಂತು. ನಾನಂತೂ ಮುಟ್ಟಿಲ್ಲಪ್ಪ!”

“ಮುಟ್ಟಿದ್ರಾ ಅಂತ ಯಾರೂ ಕೇಳಲಿಲ್ವಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಆ ಕರೆ ಹೊರಬಂದರೆ ಕೇಂದ್ರಕ್ಕೇ ಮುಖಭಂಗ. ಅದು ಮಾಯವಾದರೆ ಮೊದಲು ನೆಮ್ಮದಿಯ ಉಸಿರು ಬಿಡುವವರು ಈ ಸಾಹೇಬರೇ. ಮೀಸೆ ಅವರನ್ನೇ ದುರುಗುಟ್ಟಿ ನೋಡಿದ. ಇನ್‌ಸ್ಪೆಕ್ಟರ್ ಮಾತ್ರ ಮೊಣಕಾಲೂರಿ ಸರ್ವರಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು.

ಡಿಸ್ಕ್ ಇದ್ದ ಗೂಡಿಗೆ ತಗಡಿನ ಮುಚ್ಚಳ ಕೂರಿಸಲಾಗಿತ್ತು. ನಾಲ್ಕೂ ಸ್ಕ್ರೂ ಬಿಗಿಯಾಗಿದ್ದವು. ಬಿಚ್ಚಿದ ವೈರನ್ನು ಸುತ್ತಿ ಕಟ್ಟಲಾಗಿತ್ತು. ಫ್ಯಾನಿನ ಮೇಲಿನ ಧೂಳನ್ನೂ ಒರೆಸಿದ್ದರು.

“ನನ್ನ ಸರ್ವೀಸಲ್ಲೇ ನೋಡಿಲ್ಲ ಸರ್,” ಎಂದ ಮೀಸೆ. “ಕದ್ದ ಮನೇಲಿ ಕಸ ಗುಡಿಸಿ ಹೋಗೋ ಕಳ್ಳನ್ನ!”

ಇನ್‌ಸ್ಪೆಕ್ಟರ್ ಎದ್ದು ಮೊಣಕಾಲು ಕೊಡವಿಕೊಂಡರು. ಸ್ಟೆಬಿಲೈಸರಿಗೂ ಸರ್ವರಿಗೂ ವ್ಯತ್ಯಾಸ ತಿಳಿಯದ ಸಾಹೇಬರ ಕೆಲಸ ಇದಲ್ಲ.

“ಮೂರು ವರ್ಷದ ಹಿಂದೆ ಆ ಕರೆ ತಗೊಂಡ ಆಪರೇಟರ್ ಯಾರು?”

“ಆಕೆ ಈಗ ಕೆಲಸದಲ್ಲಿಲ್ಲ. ಕಾಯಿಲೆ ಬಂತು,” ಎಂದು ಆಡಳಿತಾಧಿಕಾರಿ ದನಿ ತಗ್ಗಿಸಿದರು. “ನಮ್ಮ ಸಿಸ್ಟಮ್ ಅಣ್ಣನ ಹೆಂಡತಿ.”

ಪಕ್ಕದ ಕೋಣೆಯಲ್ಲಿ ಸಿಸ್ಟಮ್ ಅಣ್ಣನನ್ನು ಕೂರಿಸಿ ಇನ್‌ಸ್ಪೆಕ್ಟರ್ ಎದುರಿಗೆ ಕೂತರು.

“ಆ ಗೂಡಿಗೆ ಮುಚ್ಚಳ ಯಾಕೆ?”

“ಖಾಲಿ ಬಿಟ್ರೆ ಗಾಳಿ ತಪ್ಪುತ್ತೆ ಸರ್. ಪಕ್ಕದ ಡಿಸ್ಕುಗಳು ಬಿಸಿಯಾಗ್ತವೆ, ಪಾಪ.”

“ಪಾಪ ಅಂದ್ಕೊಂಡು ಮುಚ್ಚಿದ್ದು ಯಾರು?”

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

“ನಾನೇ ಸರ್.”

“ಹೆಂಡತಿ ತಪ್ಪು ಮುಚ್ಚೋಕಾ?”

“ಅಯ್ಯೋ, ಇಲ್ಲ ಸರ್!” ಅವನ ದನಿ ಮೊದಲ ಸಲ ಏರಿತು. “ಗಂಟಲಲ್ಲಿ ಗಡ್ಡೆ ಆಯ್ತು ಅವಳಿಗೆ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೇನೇ ತೆಗೆದ್ರು. ಜೀವ ಉಳೀತು, ಮಾತು ಹೋಯ್ತು. ಅವಳ ದನಿ ಇನ್ನು ಇರೋದು ಆ ಡಿಸ್ಕಲ್ಲಿ ಮಾತ್ರ. ಕೋರ್ಟಿಗೆ ಬೇಕಾದ ಒಂದು ಕರೆ ತೆಗೆದುಕೊಟ್ಟು ಡಿಸ್ಕ್ ಪುಡಿ ಮಾಡಿ ಅಂತ ಆರ್ಡರ್ ಆಗಿತ್ತು. ಪುಡಿ ಮಾಡಬೇಕಾದೋನೂ ನಾನೇ.”

“ಕಾಪಿ ಕೇಳಬಹುದಿತ್ತಲ್ಲ?”

“ಕೇಳ್ದೆ. ನಿಯಮ ಇಲ್ಲ ಅಂದ್ರು. ನಿನ್ನೆ ಸಂಜೆ ಮನೆಗೆ ಒಯ್ದೆ, ಕಾಪಿ ಮಾಡಿ ಸೋಮವಾರ ಬೆಳಗ್ಗೆ ವಾಪಸ್ ಹಾಕೋಣ ಅಂತಿದ್ದೆ. ರಜೆ ದಿನ ಈ ಕಡೆ ಯಾರೂ ತಲೆ ಹಾಕಲ್ಲ.”

“ನಿಮ್ಮ ಮೊಬೈಲಲ್ಲಿ ಆಕೆ ದನಿ ಇಲ್ವಾ?”

“ದಿನಾ ಮನೇಲಿ ಮಾತಾಡೋ ಹೆಂಡ್ತಿನ ಯಾರು ಸರ್ ರೆಕಾರ್ಡ್ ಮಾಡ್ಕೋತಾರೆ? ‘ಸ್ವಲ್ಪ ಸುಮ್ನಿರೇ’ ಅಂತಿದ್ದೆ.” ಅವನು ಮುಖ ಒರೆಸಿಕೊಂಡ. “ಆಫೀಸಿನ ಡೇಟಾಕ್ಕೆಲ್ಲ ಬ್ಯಾಕಪ್ ತಗೊಳ್ಳೋನು ನಾನು. ನಮ್ಮನೇದಕ್ಕೆ ತಗೊಳ್ಳಲಿಲ್ಲ.”

“ಆ ಚಾಲಕನ ಕರೆ ಕೇಳಿದ್ರಾ?”

“ಯಾವುದನ್ನೂ ಪೂರ್ತಿ ಕೇಳಿಲ್ಲ. ಫೋನ್ ಎತ್ತಿ ‘ಹೇಳಿ, ಕೇಳಿಸ್ಕೋತಾ ಇದೀನಿ’ ಅಂತಾಳಲ್ಲ, ಅಷ್ಟೇ. ಆಮೇಲೆ ಆ ಕಡೆಯೋರು ಅಳೋಕೆ ಶುರು ಮಾಡ್ತಾರೆ. ನನ್ ಕೈಲಾಗಲ್ಲ ಸರ್. ನಿಲ್ಲಿಸಿ ಮುಂದಿನ ಕರೆಗೆ ಹೋಗ್ತೀನಿ.”

ಮಧ್ಯಾಹ್ನ ಎರಡಕ್ಕೆ ಅವನ ಮನೆ ಶೋಧಿಸಲು ಹೋದರು. ಎರಡು ಕೋಣೆಯ ಬಾಡಿಗೆ ಮನೆ. ಕುತ್ತಿಗೆಗೆ ತೆಳುವಾದ ಬಟ್ಟೆ ಸುತ್ತಿಕೊಂಡಿದ್ದ ಹೆಂಡತಿ ಬಾಗಿಲು ತೆರೆದಳು. ಗಂಡನ ಜೊತೆ ಪೊಲೀಸರನ್ನು ಕಂಡು ಬಾಯಿ ತೆರೆದಳು. ಬಂದದ್ದು ಬರೀ ಉಸಿರು.

ಅವಳಿಗೆ ಏನೂ ಗೊತ್ತಿರಲಿಲ್ಲ. ಗಂಡ ಇಯರ್‌ಫೋನ್ ಹಾಕಿಕೊಂಡು ಹಿಂದಿನ ರಾತ್ರಿಯಿಡೀ ಗೋಡೆಗೆ ಮುಖ ಮಾಡಿ ಕೂತದ್ದು ಆಫೀಸಿನ ಕೆಲಸಕ್ಕೆ ಎಂದೇ ತಿಳಿದಿದ್ದಳು. ಇನ್‌ಸ್ಪೆಕ್ಟರ್ ನಿಧಾನವಾಗಿ ಹೇಳುತ್ತ ಹೋದರು. ಬಸ್ ಚಾಲಕ, ಹಳೆ ಗಿರಣಿ, ತಪ್ಪಿದ ವಿಳಾಸ ಎನ್ನುವಷ್ಟರಲ್ಲಿ ಆಕೆ ನೆಟ್ಟಗೆ ನಿಂತಳು. ಗಂಡನ ತೋಳಿಗೆ ಫಟ್ಟನೆ ಒಂದೇಟು ಕೊಟ್ಟಳು. ತನ್ನ ಕಿವಿ ಮುಟ್ಟಿಕೊಂಡಳು, ಎದೆ ತಟ್ಟಿಕೊಂಡಳು, ಮತ್ತೆ ಕಿವಿ ಮುಟ್ಟಿಕೊಂಡಳು. ಗಂಡನಿಗೆ ಅರ್ಥವಾಗಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಡಿಸ್ಕನ್ನು ಆಕೆಯೇ ಕೈಯಾರೆ ಬಿಡಿಸಿ ಇನ್‌ಸ್ಪೆಕ್ಟರಿಗೆ ಕೊಡಲು ಹೋದಳು.

“ತಡಿಯೇ, ಹಾಗೆ ಕೀಳಬಾರ್ದು,” ಎಂದ ಗಂಡ. “ಮೊದಲು ಆಫ್ ಮಾಡ್ಬೇಕು.” ಆಫ್ ಮಾಡಿದ. ಆಮೇಲೆ ಮೀಸೆಯ ಮುಂದೆ ಕೈ ಚಾಚಿದ. ಬಂಧನದ ಸಮಯ ಎರಡೂ ನಲವತ್ತು.

ಸೋಮವಾರ ನ್ಯಾಯಾಲಯದಲ್ಲಿ ಜನ ಹೆಚ್ಚಿರಲಿಲ್ಲ. ಮುಂದಿನ ಸಾಲಿನಲ್ಲಿ ಚಾಲಕ ಮತ್ತು ಅವನ ಮಗಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಕೊನೆಯ ಬೆಂಚಿನಲ್ಲಿ ಸಿಸ್ಟಮ್ ಅಣ್ಣನ ಹೆಂಡತಿ. ಭಾನುವಾರವೇ ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿ ಒಂದು ದಿನಕ್ಕೆ ವಶಕ್ಕೆ ಪಡೆದಿದ್ದ ಅವನನ್ನೂ ಮತ್ತೆ ರಿಮಾಂಡಿಗೆ ಅದೇ ಕಟ್ಟಡಕ್ಕೆ ತಂದಿದ್ದರು. ಇನ್‌ಸ್ಪೆಕ್ಟರ್ ಸನ್ನೆ ಮಾಡಿದ್ದರಿಂದ ಮೀಸೆ ಅವನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡ.

ರೆಕಾರ್ಡಿಂಗ್ ಹಾಕಿದರು.

“ಹೇಳಿ, ಕೇಳಿಸ್ಕೋತಾ ಇದೀನಿ.”

ಸಿಸ್ಟಮ್ ಅಣ್ಣ ಕಣ್ಣು ಮುಚ್ಚಿದ. ರೆಕಾರ್ಡಿಂಗಿನಲ್ಲಿ ಚಾಲಕನ ಅಳು ಶುರುವಾಯಿತು. ಈ ಸಲ ನಿಲ್ಲಿಸುವ ಗುಂಡಿ ಅವನ ಕೈಯಲ್ಲಿರಲಿಲ್ಲ.

“ಅಮ್ಮಾ, ನನ್ ಹೆಂಡ್ತಿ… ಹಳೆ ಗಿರಣಿ ಹಿಂದೆ, ಎರಡನೇ ಬೀದಿ, ನೀಲಿ ಗೇಟು…”

“ಹಳೆ ಗಿರಣಿ ಹಿಂದೆ, ಎರಡನೇ ಬೀದಿ, ನೀಲಿ ಗೇಟು. ಬರ್ಕೊಂಡೆ ಅಣ್ಣ.” ಆಮೇಲೆ ಆಕೆ ಬೇರೆ ಕಡೆ ತಿರುಗಿ ಕೂಗಿದ್ದು ಕೇಳಿಸಿತು: “ಗಾಡಿ ಕಳಿಸೋರೇ, ಗಿರಣಿ ಹಿಂದೆ, ಎರಡನೇ ಬೀದಿ! ಮುಂದಿನ ಬೀದಿ ಅಲ್ಲ!” ಮತ್ತೆ ಫೋನಿಗೆ: “ಹೆದರ್ಬೇಡಿ. ಫೋನ್ ಇಡ್ಬೇಡಿ. ನಾನು ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ.”

ವಿಳಾಸ ಹೇಳಿದವನದು ಸರಿ, ಕೇಳಿಸಿಕೊಂಡವಳದೂ ಸರಿ. ಆಡಳಿತಾಧಿಕಾರಿ ನೆಲ ನೋಡುತ್ತಿದ್ದರು. ಮಗಳು ಸರಿದು ಅಪ್ಪನ ತೋಳು ಹಿಡಿದುಕೊಂಡಳು. ಚಾಲಕ ಎದ್ದು ಹಿಂದಿನ ಬೆಂಚಿಗೆ ಬಂದು ಆ ಹೆಂಗಸಿಗೆ ಕೈ ಮುಗಿದ. ಆಕೆಯ ತುಟಿ ಅಲುಗಿತು.

“ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ,” ಎಂದು ಮೀಸೆ ಗೊಣಗಿದ.

“ಅವಳದು ತಪ್ಪಿರಬಹುದು ಅಂತ ನಾನೂ ಅಂದ್ಕೊಂಡಿದ್ದೆ ಸರ್,” ಎಂದ ಸಿಸ್ಟಮ್ ಅಣ್ಣ. “ಅದಕ್ಕೇ ಆ ಕರೆ ಬಂದಾಗ ಬೇಗ ನಿಲ್ಲಿಸಿಬಿಟ್ಟೆ. ಇಷ್ಟು ವರ್ಷ ಬರೀ ಅವಳ ದನಿ ಕೇಳಿದೆ, ಅವಳ ಮಾತು ಕೇಳಲಿಲ್ಲ.”

ಕಳುವಿನ ಆರೋಪ ಆರೋಪವೇ. ಇನ್‌ಸ್ಪೆಕ್ಟರ್ ಅದರಲ್ಲಿ ಒಂದಕ್ಷರ ತಗ್ಗಿಸಲಿಲ್ಲ. ಜೀಪು ಹತ್ತುವ ಮುಂಚೆ ಅವನು ತಿರುಗಿ ನಿಂತ.

“ಸರ್, ಕೋರ್ಟಲ್ಲಿ ಡಿಸ್ಕ್ ಎಲ್ಲಿಡ್ತಾರೆ? ತೇವ ಇಲ್ಲದ ಕಡೆ ಇಡೋಕೆ ಹೇಳಿ.”

ಇನ್‌ಸ್ಪೆಕ್ಟರ್ ಮತ್ತೆ ಒಳಗೆ ಹೋಗಿ ಹೇಳಿ ಬಂದರು.