ಮರೆತರಂತೆ

"ಏನಾಯ್ತು ನಿಮ್ಮಪ್ಪಂಗೆ? ಎಲ್ಲಿ ಸುಡ್ತು?" ನರ್ಸ್ ಕೇಳಿದರು.

ಲೂಪೆ ಅಪ್ಪನ ಮುಖ ನೋಡಿದಳು. ಅಪ್ಪ ಸೆಮಿಸಿಗೆ ಬರುವುದು ಟೊಂಗನ್ ಮಾತು ಮಾತ್ರ. ಆಕ್ಲೆಂಡಿನಲ್ಲಿ ಬ್ಯಾಂಕಿಗೆ ಹೋದರೂ ಅಂಗಡಿಗೆ ಹೋದರೂ ಅದನ್ನು ಇಂಗ್ಲಿಷಿನಲ್ಲಿ ಹೇಳುವವಳು ಲೂಪೆಯೇ. ಈಗ ಅವನ ಎರಡೂ ಕೈಗಳಿಗೆ ಕಪ್ಪು ಟಾರು ಮೆತ್ತಿಕೊಂಡಿತ್ತು. ಅವನು ಕೆಲಸ ಮಾಡುವ ಕಟ್ಟಡದ ಮಾಡಿಗೆ ಹಾಕಲು ಕಾಯಿಸಿದ ಟಾರು.

ಬಾಗಿಲಲ್ಲಿ ಅಪ್ಪನ ಬಾಸ್ ಗ್ರೆಗ್ ನಿಂತಿದ್ದ. ಆಸ್ಪತ್ರೆಗೆ ಬರುವ ಮೊದಲು ಅವನು ವ್ಯಾನನ್ನು ಸ್ಕೂಲಿಗೆ ತಿರುಗಿಸಿದ್ದ, ಲೂಪೆಯನ್ನು ಹತ್ತಿಸಿಕೊಳ್ಳಲು. ಹಿಂದಿನ ಸೀಟಿನಲ್ಲಿ ಅಪ್ಪ ಹಲ್ಲು ಕಚ್ಚಿ ಕೂತಿದ್ದ.

"ಮನೆ ಮಾಡು ರಿಪೇರಿ ಮಾಡ್ವಾಗ ಸುಟ್ಕೊಂಡ್ರು ಅನ್ನು, ಪುಟ್ಟಿ," ಎಂದಿದ್ದ ಬಾಸ್. "ಸೈಟಲ್ಲಿ ಅಂದ್ಯೋ, ಸೇಫ್ಟಿ ಆಫೀಸರ್‌ಗಳು ಬಂದು ಎಲ್ಲಾ ನಿಲ್ಲಿಸ್ತಾರೆ. ಆಮೇಲೆ ನಿಮ್ಮಪ್ಪಂಗೆ ಕೆಲಸ ಇಲ್ಲ."

"ಹಾಗೇ ಹೇಳು ಮಗಳೇ," ಎಂದಿದ್ದ ಅಪ್ಪ, ಲೂಪೆ ಅದನ್ನು ಟೊಂಗನ್‌ನಲ್ಲಿ ತಿಳಿಸಿದಾಗ, ನೆಲ ನೋಡುತ್ತ.

ಈಗ ಲೂಪೆ ನರ್ಸ್‌ಗೆ ಹಾಗೇ ಹೇಳಿದಳು.

"ಗ್ಲೌಸ್ ಹಾಕ್ಕೊಂಡಿರ್ಲಿಲ್ವಾ?" ಎಂದರು ನರ್ಸ್.

ಲೂಪೆ ಅಪ್ಪನನ್ನು ಕೇಳಿದಳು. ಅಪ್ಪ ಮೆಲ್ಲಗೆ ಅಂದ, "ಎಷ್ಟು ಸಲ ಕೇಳಿದ್ದೆ. ಬಾಸ್ ಕೊಡ್ಲೇ ಇಲ್ಲ."

ಲೂಪೆ ಬಾಗಿಲ ಕಡೆ ನೋಡಿದಳು. ನರ್ಸ್ ಕಡೆ ತಿರುಗಿದಳು.

"ಮರೆತ್ರಂತೆ," ಎಂದಳು.

ನರ್ಸ್ ಆಚೆ ಹೋದಮೇಲೆ ಬಾಸ್ ಅವಳ ಬೆನ್ನು ತಟ್ಟಿದ. "ಜಾಣೆ!"

ಕೆಲವು ವಾರ ಕಳೆದರೂ ಅಪ್ಪನ ಬ್ಯಾಂಡೇಜ್ ಬಿಚ್ಚಿರಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಲೂಪೆ ಅವನಿಗೆ ಬೇಯಿಸಿದ ಕೆಸುವಿನ ಗೆಡ್ಡೆ ತಿನ್ನಿಸುತ್ತಿದ್ದಾಗ ಹೊರಗೆ ಬಾಸ್‌ನ ವ್ಯಾನು ಹಾರ್ನ್ ಹೊಡೆಯಿತು. ಬಂದದ್ದು ಅಪ್ಪನಿಗಾಗಿ ಅಲ್ಲ, ಮನೆಯಲ್ಲೇ ಇದ್ದ ಅಮ್ಮನ ತಮ್ಮ ಫೆಲೇತಿ ಮಾವನಿಗಾಗಿ. ಅಪ್ಪನ ಜಾಗಕ್ಕೆ ಈಗ ಮಾವ.

"ಫೆಲೇತಿ, ಮೊದಲು ಗ್ಲೌಸ್ ಕೇಳು ಮಾರಾಯ!" ಅಪ್ಪ ಕೂಗಿದ.

ಬೂಟಿನ ಲೇಸ್ ಕಟ್ಟುತ್ತಿದ್ದ ಮಾವ ಕಹಿಯಾಗಿ ನಕ್ಕ. "ಕೇಳ್ದೆ ಬಾವ. 'ನನ್ನ ಸೈಟಲ್ಲಿ ಯಾರ್ಗೂ ಸುಟ್ಟಿಲ್ಲ. ನಿಮ್ಮ ಬಾವ ಮನೇಲಿ ಸುಟ್ಕೊಂಡ, ಅದೂ ಗ್ಲೌಸ್ ಮರೆತು. ಅವನ ಮಗಳೇ ಆಸ್ಪತ್ರೇಲಿ ಹೇಳಿದ್ಳಲ್ಲ' ಅಂದ."

ವ್ಯಾನು ಹೊರಟುಹೋಯಿತು.

"ನಾನು ಮರೆತೆ ಅಂದ್ಯಾ?" ಅಪ್ಪ ಕೇಳಿದ.

ಲೂಪೆಯ ಕೈಯಲ್ಲಿ ಚಮಚ ಹಾಗೇ ನಿಂತಿತು. ಮನೆಯಲ್ಲಿ ಸುಟ್ಟಿತು ಎನ್ನಲು ಬಾಸ್ ಹೇಳಿಕೊಟ್ಟಿದ್ದ. ಮರೆತರು ಎನ್ನಲು ಯಾರೂ ಹೇಳಿಕೊಟ್ಟಿರಲಿಲ್ಲ.

ಅಪ್ಪ ಬೈಯಲಿಲ್ಲ. ಆದರೆ ಮುಂದಿನ ತುತ್ತಿಗೆ ಬಾಯಿ ತೆರೆಯಲೂ ಇಲ್ಲ.