ಬಾಗಿಲೊಳಗಿನ ಗೋಲಿ

ಗಾಜಿನ ಬುರುಡೆಗಳ ಹಳೆಯ ವಾಲ್ವ್ ಆಂಪ್ಲಿಫೈಯರು ಬಿಸಿಯಾಗಲು ಅರ್ಧ ತಾಸು ಬೇಕು. ಆ ಅರ್ಧ ತಾಸು ಯಾರೂ ಹಾಡು ಹಚ್ಚಬಾರದು, ಬರೀ ಮಾತಾಡಬೇಕು. ಸವಣೂರಿನ ದಾದಾಪೀರ ಸಾಹೇಬರ ರಿಪೇರಿ ಅಂಗಡಿಯ ಕಟ್ಟಳೆ ಇದು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳಿಂದ ಏಳೆಂಟು ಮಂದಿ ಅಲ್ಲಿ ಸೇರುತ್ತಿದ್ದರು. ಒಬ್ಬರಿಗೆ ಸ್ಪೀಕರಿನ ಹುಚ್ಚು, ಇನ್ನೊಬ್ಬರಿಗೆ ಹಳೆಯ ರೆಕಾರ್ಡುಗಳ ಹುಚ್ಚು. ಹಾನಗಲ್ಲಿನ ಬಸವೇಶನಿಗೆ ಮಾತ್ರ ಸಪ್ಪಳವೇ ಇಲ್ಲದಿರುವುದರ ಹುಚ್ಚು.

ಅವನಿಗೆ ಮೂವತ್ತೆಂಟು. ಬೀಜ-ಗೊಬ್ಬರದ ಅಂಗಡಿ, ಹೊಲ, ಮನೆ ಎಲ್ಲ ಇದ್ದೂ ಮದುವೆ ಆಗಿರಲಿಲ್ಲ. ಕನ್ಯೆ ನೋಡಲು ಹೋದಲ್ಲಿ ಹುಡುಗಿ ಚಹಾ ಹಿಡಿದು ನಿಂತರೆ, ಈ ಪುಣ್ಯಾತ್ಮ ತಲೆ ಎತ್ತಿ, ಕೀಚ್ ಕೀಚ್ ಅನ್ನುತ್ತಿದ್ದ ಫ್ಯಾನು ನೋಡುತ್ತ ಕೂತಿದ್ದನಂತೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಹಾಗೆ.

ಅಂಥವನ ನೆಮ್ಮದಿ ಕೆಡಿಸಿದವಳು ರಾಜಶ್ರೀ. ಹಿರೇಕೆರೂರಿನಲ್ಲಿ ತೀರಿಹೋದ ಅಪ್ಪನ ಮೈಕ್‌ಸೆಟ್ ಅಂಗಡಿ ನಡೆಸುತ್ತಿದ್ದಳು. ಸುಟ್ಟ ಸ್ಪೀಕರುಗಳಿಗೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವುದು ಅವಳ ಕೆಲಸ. ಎಂಟು ತಿಂಗಳ ಹಿಂದೆ ಈ ಕೂಟಕ್ಕೆ ಬಂದಿದ್ದಳು.

ಹಾಡು ಶುರುವಾದರೆ ಅವಳು ತಲೆಯನ್ನು ಎಡಕ್ಕೆ ವಾಲಿಸಿ ಕಣ್ಣು ಮುಚ್ಚುತ್ತಿದ್ದಳು. ಆಗ ಮಾತ್ರ ಬಸವೇಶ ಧೈರ್ಯ ಮಾಡಿ ಅವಳನ್ನು ನೋಡುತ್ತಿದ್ದ. ಕಿವಿಯ ಹಿಂದಿನ ಮುಂಗುರುಳು, ಬೆರಳಿಗೆ ಉಂಗುರದ ಹಾಗೆ ಸುತ್ತಿಕೊಂಡ ತುಂಡು ತಂತಿ, ತಾಳಕ್ಕೆ ತುಸುವೇ ಅಲುಗುವ ತುಟಿ. ಒಮ್ಮೆ ಅವಳು ಮುಚ್ಚಿದ ಕಣ್ಣು ತೆರೆಯದೆಯೇ ಮೆಲ್ಲಗೆ ಹೇಳಿದ್ದಳು.

“ಹಾಡು ಆ ಕಡೆ ಐತ್ರಿ.”

ಅವನ ಕಿವಿಗೇರಿದ ಕೆಂಪು ಒಂದು ವಾರ ಇಳಿದಿರಲಿಲ್ಲ.

ಅವತ್ತು ಅವನು ಕಾರು ತಂದಿದ್ದ. ನಾಲ್ಕು ವರ್ಷದ ಹಿಂದೆ ಶಿಗ್ಗಾವಿಯ ದಲ್ಲಾಳಿಯೊಬ್ಬನಿಂದ ಕೊಂಡ ಹಳೆಯ ಫಿಯೆಟ್. ಬಿಳಿ ಬಣ್ಣ ತೆಗೆಸಿ ನೀಲಿ ಹೊಡೆಸಿ, ಬಾಗಿಲು, ನೆಲ, ಛಾವಣಿಗೆಲ್ಲ ಸಪ್ಪಳ ನುಂಗುವ ಡಾಂಬರಿನ ಹಾಳೆ ಅಂಟಿಸಿ, ಅದರೊಳಗೆ ಕೂತು ಹಾಡು ಕೇಳುತ್ತಿದ್ದ. ಅದು ಕಾರಲ್ಲ, ಗವಿ ಎಂದು ಗೆಳೆಯರು ನಗುತ್ತಿದ್ದರು. ಯಾರೂ ಅದನ್ನು ನೋಡಿರಲಿಲ್ಲ. ಹೋದ ತಿಂಗಳು ರಾಜಶ್ರೀ ತಾನಾಗಿಯೇ, ಒಮ್ಮೆ ನಿಮ್ಮ ಗವಿಯಲ್ಲಿ ಕೂತು ಕೇಳಬೇಕಲ್ಲ ಎಂದಿದ್ದಳು. ಅಷ್ಟು ಸಾಕಾಗಿತ್ತು. ಅಂಗಡಿಯ ಹಿಂದಿನ ಓಣಿಯಲ್ಲಿ, ಬೇವಿನ ನೆರಳಿಗೆ ಕಾರು ನಿಂತಿತ್ತು. ಅದರೊಳಗೆ ಏನು ಹೇಳಬೇಕೆಂದು ಹಾನಗಲ್ಲಿನಿಂದ ಸವಣೂರಿನವರೆಗೆ ಬಾಯಿಪಾಠ ಮಾಡುತ್ತ ಬಂದಿದ್ದ.

ವಾಲ್ವುಗಳು ಕೆಂಪಗಾಗತೊಡಗಿದವು. ದಾದಾಪೀರ ಸಾಹೇಬರು ಅವತ್ತಿನ ಮಾತಿಗೊಂದು ವಿಷಯ ಕೊಟ್ಟರು: ನೀವು ಇಟ್ಟುಕೊಂಡ ಗಾಡಿಗಳಲ್ಲಿ ಮರೆಯಲಾಗದ್ದು ಯಾವುದು?

ಶಿಗ್ಗಾವಿಯ ದ್ಯಾಮಪ್ಪ ತನ್ನ ಜೀಪಿನ ಕಥೆ ಹೇಳಿದ. ಅದರ ಟೇಪು ಮೂರನೇ ಗೇರಿನಲ್ಲಷ್ಟೇ ಹಾಡುತ್ತಿತ್ತಂತೆ, ಹಾಡು ಮುಗಿಯುವ ತನಕ ಗೇರು ಬದಲಿಸದೆ ಎತ್ತಿನ ಬಂಡಿಯ ಹಿಂದೆಯೇ ಹೋಗುತ್ತಿದ್ದನಂತೆ. ಇನ್ನೊಬ್ಬ ಗೆಳೆಯ ನಾಸೀರ ತನ್ನ ಓಮ್ನಿಯ ಹಿಂದಿನ ಸೀಟು ಕಿತ್ತು ಎರಡು ದೊಡ್ಡ ವೂಫರ್ ಸ್ಪೀಕರು ಕೂರಿಸಿ, ಹೆಂಡತಿಯನ್ನು ಮಾತ್ರ ತವರಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದನಂತೆ. ಎಲ್ಲರೂ ನಕ್ಕರು. ಆಮೇಲೆ ರಾಜಶ್ರೀಯ ಸರದಿ ಬಂತು.

ಅವಳ ಅಪ್ಪ ಉಡಚಪ್ಪನದು ಬಿಳಿ ಫಿಯೆಟ್. ಮದುವೆ, ಮುಂಜಿಗೆ ಮೈಕ್‌ಸೆಟ್ ಹೇರಿಕೊಂಡು ಅಬಲೂರು, ಮಾಸೂರು, ಹತ್ತಿಮತ್ತೂರು ಎಂದು ಊರೂರು ತಿರುಗುತ್ತಿದ್ದ. ಹಿಂದಿನ ಸೀಟಿನಲ್ಲಿ ಬಲಕ್ಕೆ ಆಂಪ್ಲಿಫೈಯರು, ಎಡಕ್ಕೆ ಆರು ವರ್ಷದ ರಾಜಶ್ರೀ. ಹತ್ತಿಮತ್ತೂರಿನ ಮದುವೆಯೊಂದರಲ್ಲಿ ಯಾರೋ ಅವಳಿಗೆ ಸೋಡಾ ಬಾಟಲಿಯ ಗೋಲಿ ಕೊಟ್ಟರು. ಬರುವಾಗ ಅದನ್ನು ಕಿಟಕಿಯ ಅಂಚಿನ ಮೇಲೆ ಉರುಳಿಸುತ್ತ ಕೂತಿದ್ದಳು. ಗಾಜಿನ ಸಂದಿಯಲ್ಲಿ ಜಾರಿ ಬಾಗಿಲೊಳಗೆ ಬಿತ್ತು. ಅತ್ತು ರಂಪ ಮಾಡಿದಳು. ನಾಳೆ ಬಾಗಿಲು ಬಿಚ್ಚಿ ತೆಗೆಯೋಣ ಅಂದ ಅಪ್ಪ. ಆ ನಾಳೆ ಬರಲೇ ಇಲ್ಲ.

ಗಾಡಿ ಹೊರಟರೆ ಗೋಲಿ ಗುರ್ರ್ ಎಂದು ಹಿಂದಕ್ಕೆ ಉರುಳುತ್ತಿತ್ತು. ಬ್ರೇಕು ಹಾಕಿದರೆ ಮುಂದೆ ಬಂದು ಟಕ್ ಅನ್ನುತ್ತಿತ್ತು. ಬಾಗಿಲಿಗೆ ಕಿವಿ ಹಚ್ಚಿ ಮಲಗಿದ ಹುಡುಗಿಗೆ ಆ ಸಪ್ಪಳದ ಮೇಲೆಯೇ ಏರು ಯಾವುದು, ತಿರುವು ಯಾವುದು, ಮನೆ ಎಷ್ಟು ದೂರ ಎಂದು ತಿಳಿಯುತ್ತಿತ್ತು. ಅವಳು ದೊಡ್ಡವಳಾದ ಮೇಲೂ ಅಪ್ಪ ಅದನ್ನು ತೆಗೆಯಲಿಲ್ಲ. ಅವನು ತೀರಿಕೊಂಡ ವರ್ಷವೇ ಅಪ್ಪನ ತಮ್ಮ, ಕಾಕಾ, ಅವಳನ್ನು ಒಂದು ಮಾತೂ ಕೇಳದೆ ಗಾಡಿಯನ್ನು ಶಿಗ್ಗಾವಿಯ ದಲ್ಲಾಳಿಗೆ ಕೊಟ್ಟುಬಿಟ್ಟ.

ಬಸವೇಶ ತಲೆ ತಿರುಗಿಸಿ ಹಿಂದಿನ ಓಣಿಯತ್ತ ನೋಡಿದ. ತನ್ನ ಕಾರಿನ ಕಾಗದದಲ್ಲಿ ದಲ್ಲಾಳಿಯ ಹೆಸರಷ್ಟೇ ಇತ್ತು, ಹಿಂದೆ ಯಾರದೆಂದು ಅವನು ಕೇಳಿರಲಿಲ್ಲ. ಆದರೆ ಶಿಗ್ಗಾವಿಯಿಂದ ಹಾನಗಲ್ಲಿಗೆ ಮೊದಲ ಸಲ ಓಡಿಸಿಕೊಂಡು ಬಂದಾಗ ಎಡಗಡೆಯ ಹಿಂದಿನ ಬಾಗಿಲು ದಾರಿಯುದ್ದಕ್ಕೂ ಗುರ್ರ್, ಟಕ್ ಎಂದು ಜೀವ ತಿಂದಿತ್ತು. ಮರುದಿನವೇ ಬಾಗಿಲು ಬಿಚ್ಚಿ ಗೋಲಿ ತೆಗೆದು, ಹಾಳೆ ಅಂಟಿಸಿ, ಹಾಯ್ ಎಂದು ಉಸಿರು ಬಿಟ್ಟವನು ಅವನೇ.

ಕೊಂಡವನು ಮೊದಲು ಮಾಡುವ ಕೆಲಸವೇ ಆ ಗೋಲಿ ತೆಗೆಯುವುದು ಎಂದು ನಾಸೀರ ನಕ್ಕ. ರಾಜಶ್ರೀ ನಗಲಿಲ್ಲ.

“ತಗದಿದ್ರ, ಅವಗ ಕಿವಿನ ಇಲ್ಲ ಅಂತ ತಿಳ್ಕೋತೇನಿ,” ಅಂದಳು.

ಕಿವಿಯನ್ನೇ ನಂಬಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೇನಿದೆ? ಹೇಳಿದರೆ ಅವಳು ಎದ್ದು ಹೋಗುತ್ತಾಳೆ, ಹೇಳದಿದ್ದರೆ ಕಳ್ಳನಾಗುತ್ತೇನೆ. ಅವನು ಲೆಕ್ಕ ಹಾಕುವುದರೊಳಗೆ ಎಲ್ಲರ ಮುಖ ಇವನತ್ತ ತಿರುಗಿತ್ತು. ತಾನು ಮರೆಯದಿರುವುದು ಕಾಲೇಜಿನ ಸ್ಕೂಟರು ಎಂದು ಏನೋ ತೊದಲಿದ. ಗವಿಯಲ್ಲಿ ಹಾಡು ಯಾವಾಗ ಎಂದು ರಾಜಶ್ರೀ ಕೇಳಿದಾಗ, ಬ್ಯಾಟರಿ ಇಳಿದಿದೆ, ಬಸ್ಸಿಗೆ ಬಂದೆ ಅಂದುಬಿಟ್ಟ.

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಸೀರೆಯ ಸೆರಗಿನಲ್ಲಿ ಹೊಸದಾಗಿ ಚುಚ್ಚಿದ್ದ ಪಿನ್ನನ್ನು ಸರಿಪಡಿಸಿಕೊಂಡು, ಇರಲಿ ಬಿಡಿ ಎಂದಳು. ಇವತ್ತಿಗಾಗಿಯೇ ಅವಳು ಸೀರೆ ಉಟ್ಟು ಬಂದಿದ್ದಳೆಂದು ದಡ್ಡನಿಗೆ ಆಗ ಹೊಳೆಯಿತು.

ಅವಳು ಹೋಗಿ ಬಹಳ ಹೊತ್ತಾದ ಮೇಲೆ ಅವನು ಓಣಿಯಿಂದ ಕಾರು ತೆಗೆದ. ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ನಿಂತ ಬಸ್ಸೊಂದರ ಆಚೆ ಅವಳ ಸೆರಗು ಕಂಡಿತು. ಹೆದರಿ ಸ್ಟಿಯರಿಂಗಿಗೆ ಮುಖ ಹಚ್ಚಿ ದಾಟಿದ. ಬಸ್ಸು ಅಡ್ಡ ಇತ್ತು, ಅವಳು ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಂಡ.

ಮನೆಗೆ ಬಂದು ರೆಕಾರ್ಡ್ ಪ್ಲೇಯರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನೆಲದ ನಡುಕ ಸೂಜಿಗೆ ತಾಗದಿರಲೆಂದು ಈ ಹುಚ್ಚರು ಯಂತ್ರದ ಕೆಳಗೆ ಏನೇನೋ ಇಡುತ್ತಾರೆ. ಇವನು ಬಾಟಲಿಯ ಮುಚ್ಚಳಗಳಲ್ಲಿ ಮೂರು ಗೋಲಿ ಇಟ್ಟಿದ್ದ. ಎರಡು ಪೇಟೆಯವು. ಮೂರನೆಯದು, ಹಸಿರುಗಾಜಿನದು, ಆ ಬಾಗಿಲಿನದು. ಅವಳ ಬಾಲ್ಯವನ್ನು ಅಡಿಯಲ್ಲಿ ಇಟ್ಟುಕೊಂಡು ನಾಲ್ಕು ವರ್ಷ ನಿಶ್ಶಬ್ದವಾಗಿ ಹಾಡು ಕೇಳಿದ್ದ.

ಗೋಲಿ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಮರುದಿನ ಕಾರಿನ ಬಾಗಿಲು ಬಿಚ್ಚಿದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆ ಇಲ್ಲಿ ನಡೆಯಲಿಲ್ಲ. ಅಂಟಿಸಲು ಹತ್ತು ದಿನ ಹಿಡಿದಿದ್ದ ಹಾಳೆ ಕೀಳಲು ಹದಿನೆಂಟು ದಿನ ಹಿಡಿಯಿತು. ಬಿಸಿಗಾಳಿ ಹಿಡಿದು, ಕೆರೆದು, ಸೀಮೆಎಣ್ಣೆ ಹಚ್ಚಿ ಉಜ್ಜಿದ. ಅವ್ವ ಫಕ್ಕೀರವ್ವ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದಳು. ಯಾರ ಸಲುವಾಗಿ ಈ ಸೇವೆ ಎಂದು ಕೇಳಿದಳು. ಹಿರೇಕೆರೂರಿನ ಮೈಕ್‌ಸೆಟ್ ಉಡಚಪ್ಪನ ಮಗಳ ಸಲುವಾಗಿ ಅಂದ. ಬೇರೆ ಮನೆತನ, ಬೇರೆ ಮಂದಿ. ಮುದುಕಿ ಎದ್ದು ಹೋಗಿ, ಉಜ್ಜಲು ಒಂದು ಹಳೆಯ ಅರಿವೆ ತಂದುಕೊಟ್ಟಳು.

“ಮನಿ ತುಂಬ ಸಪ್ಪಳಿಲ್ಲದ ಸಾಮಾನ ಆಗ್ಯಾವಪಾ. ಒಂದಿಷ್ಟು ಸಪ್ಪಳ ಬರ್ಲಿ.”

ಇಪ್ಪತ್ತನೆಯ ದಿನ ಮುಂಜಾನೆ ಅವನು ಹಿರೇಕೆರೂರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ರಾಜಶ್ರೀ ಸ್ಪೀಕರೊಂದರ ತಂತಿ ಸುತ್ತುತ್ತ ಕೂತಿದ್ದಳು. ತಲೆ ಎತ್ತಿದಳು, ನಗಲಿಲ್ಲ. ಕೈಯಲ್ಲಿದ್ದ ಸುತ್ತು ಮುಗಿಸಿ, ತುದಿ ಕತ್ತರಿಸಿ, ಆಮೇಲೆ ಹೊರಗೆ ಬಂದಳು. ಎಡಗಡೆಯ ಹಿಂದಿನ ಬಾಗಿಲು ತೆರೆದು, ಒಳಗೆ ಗಾಜು ಏರಿಸಿಳಿಸುವ ಹಿಡಿಕೆಯನ್ನು ಮುಟ್ಟಿದಳು. ಅದರ ತುದಿಯ ಗುಂಡಿ ಹಿತ್ತಾಳೆಯದು. ಮುರಿದಾಗ ಅಪ್ಪ ಹಳೆಯ ರೇಡಿಯೊದ್ದನ್ನು ಕಿತ್ತು ಕೂರಿಸಿದ್ದ.

ಬಾಯಿಪಾಠವೆಲ್ಲ ಮರೆತುಹೋಗಿ ಬಸವೇಶ ಇದ್ದದ್ದು ಇದ್ದ ಹಾಗೆ ಹೇಳಿದ.

“ಗೋಲಿ ತಗದಾವ ನಾನ ರೀ. ಕಿವಿ ಇಲ್ಲದಾವ ನಾನ. ಅವತ್ತ ಬಸ್ಸಿಗೆ ಬಂದೇನಿ ಅಂತ ಸುಳ್ಳು ಹೇಳಿದೆ. ಹೇಳಿದ್ರ ನೀವು ನನ್ನ ಕಡೆ ನೋಡೂದಿಲ್ಲ ಅಂತ ಅಂಜಿಕಿ ಬಂತು.”

ಅವಳು ಹಿಡಿಕೆಯಿಂದ ಕೈ ತೆಗೆಯಲಿಲ್ಲ.

“ನನಗ ಗೊತ್ತಿತ್ತು,” ಅಂದಳು. “ಅವತ್ತ ಬಸ್‌ಸ್ಟ್ಯಾಂಡಿನ್ಯಾಗ ನಿಂತಾಗ ಬಸ್ಸಿನ ಆಚೆ ಗಾಡಿ ಹಾದು ಹೋತು, ಬಸ್ಸಿನ ಕಿಟಕಿ ಸಂದ್ಯಾಗ ನೀಲಿ ಬಣ್ಣ, ಸ್ಟಿಯರಿಂಗಿಗೆ ಬಗ್ಗಿದಾವ ಕಂಡ. ನಮ್ಮ ಗಾಡಿ ಎಂಜಿನ್ ಸಪ್ಪಳಾ ನಾ ಮರೀತೇನಿ ಏನ್ರಿ? ದಾದಾಪೀರ ಕಾಕಾಗ ಫೋನ್ ಹಚ್ಚಿ, ನೀಲಿ ಕಾರು ಯಾರದು ಅಂತ ಕೇಳಿದೆ, ಅಂಗಡಿ ಹಿಂದ ನಿಂತಿದ್ದು ನಿಮ್ದ ಅಂದ್ರು. ಇಪ್ಪತ್ತ ದಿನ ಕಾದೇನಿ, ಹೇಳ್ತೀರೋ ಇಲ್ಲೋ ಅಂತ.”

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಗೋಲಿಗೆ ಸಿಟ್ಟು ಬಂದಿತ್ತು, ಹೌದು. ಗೊತ್ತಿಲ್ಲದ ತಗದೀರಿ, ಅದು ಹೋತು. ಆದ್ರ ಸುಳ್ಳು ಹೇಳಿ, ಮಾರಿ ಮುಚ್ಕೊಂಡು ಹೋದ್ರೆಲ್ಲ, ಅದು ಬಾಳ ಬ್ಯಾಸರ ಆತು.”

ಅವನು ತೆರೆದಿದ್ದ ಹಿಂದಿನ ಬಾಗಿಲನ್ನು ಇನ್ನಷ್ಟು ಅಗಲಿಸಿ ಹಿಡಿದ. ಅವಳು ಅಂಗಡಿಯ ಕದ ಎಳೆದು ಬಂದು, ಎಡಕ್ಕೆ, ತನ್ನ ಹಳೆಯ ಜಾಗದಲ್ಲಿ ಕೂತಳು.

ಕಾರು ಮಾಸೂರಿನ ದಾರಿ ಹಿಡಿಯಿತು. ಹೊರಟ ಕೂಡಲೇ ಬಾಗಿಲೊಳಗೆ ಗುರ್ರ್ ಎಂದಿತು. ಮೊದಲ ಬ್ರೇಕಿಗೆ ಟಿಕ್ ಎಂದಿತು. ಬಸವೇಶ ಕನ್ನಡಿ ನೋಡಿದ. ಅವಳ ಹುಬ್ಬು ಗಂಟಾಗಿತ್ತು. ಇದಲ್ಲ, ಟಿಕ್ ಅಲ್ಲ, ಟಕ್ ಅಂದಳು. ಇಪ್ಪತ್ತು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಇವನು ಕುಗ್ಗುವುದರೊಳಗೆ ಅವಳ ಮುಖ ತಿಳಿಯಾಯಿತು. ಅಪ್ಪ ಸೆಕೆಯೆಂದು ಹಿಂದಿನ ಗಾಜನ್ನು ಯಾವಾಗಲೂ ಅರ್ಧ ಇಳಿಸಿಯೇ ಇರುತ್ತಿದ್ದನಂತೆ. ಅವಳು ಹಿತ್ತಾಳೆ ಗುಂಡಿ ತಿರುಗಿಸಿದಳು. ಗಾಜು ಬಾಗಿಲೊಳಗೆ ಇಳಿಯಿತು, ಗದ್ದೆಯ ತಂಪು ಗಾಳಿ ಒಳಗೆ ಬಂತು. ಮುಂದೆ ಎಮ್ಮೆಯೊಂದು ಅಡ್ಡ ಬಂದು ಬ್ರೇಕು ಬಿತ್ತು.

ಟಕ್.

ಅವಳು ಬಾಗಿಲಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಈಗ ಬಲಕ್ಕೆ ತಿರುವು, ಈಗ ಏರು, ಇನ್ನು ಕೆರೆ ಎಂದು ಒಂದೊಂದೇ ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು ಇತ್ತು. ಬಸವೇಶ ಕನ್ನಡಿಯಿಂದ ಕಣ್ಣು ಕೀಳಲಾರದೆ ಹೋದ.

“ರಸ್ತೆ ಮುಂದ ಐತ್ರಿ,” ಅಂದಳು ಕಣ್ಣು ತೆರೆಯದೆ.

ಮದಗದ ಕೆರೆಯ ದಂಡೆಗೆ ಅವನು ಕಾರು ನಿಲ್ಲಿಸಿದ. ಎಂಜಿನ್ ಆರಿಸಿದ. ನೀರಿನ ಕಡೆ ನೋಡುತ್ತಲೇ ಅವನು ಹೇಳಿದ.

“ಸಪ್ಪಳಿಲ್ಲದ ಮನಿ ನನಗ ಸಾಕಾಗೇತ್ರಿ. ನೀವು ಬೇಕು.”

ಹಿಂದಿನ ಬಾಗಿಲು ತೆರೆದು ಮುಚ್ಚಿದ ಸಪ್ಪಳ ಕೇಳಿಸಿತು. ಸಿಟ್ಟು ಬಂದು ಇಳಿದು ಹೋದಳೇನೋ ಎಂದು ಅವನು ಹೊರಳಿ ನೋಡಿದ. ಮುಂದಿನ ಬಾಗಿಲು ತೆರೆಯಿತು. ರಾಜಶ್ರೀ ಸೆರಗು ಎಳೆದುಕೊಂಡು ಅವನ ಪಕ್ಕ ಕೂತಳು. ಇಷ್ಟು ವರ್ಷ ಆ ಗೋಲಿ ಎಲ್ಲಿತ್ತು ಎಂದು ಅವಳು ಕೇಳಿದಳು. ಅವನು ಹೇಳಿದ. ಈಗ ಆ ಜಾಗದಲ್ಲಿ ಏನಿಟ್ಟಿದ್ದಾನೆಂದು ಕೇಳಿದಳು. ಏನೂ ಇಲ್ಲ, ರೆಕಾರ್ಡ್ ಪ್ಲೇಯರು ಒಂದು ಕಾಲಿಲ್ಲದೆ ಕುಂಟುತ್ತಿದೆ, ಇಪ್ಪತ್ತು ದಿನದಿಂದ ಮನೆಯಲ್ಲಿ ಹಾಡೇ ಇಲ್ಲ ಅಂದ.

ಅವಳು ಬೆರಳಿನ ತಾಮ್ರದ ಉಂಗುರ ತಿರುಗಿಸುತ್ತ ಯೋಚಿಸಿದಳು.

“ಅಪ್ಪನ ಪೆಟಿಗ್ಯಾಗ ಇನ್ನೊಂದು ಹಸಿರು ಗೋಲಿ ಐತಿ. ನಾಳೆ ಹಾನಗಲ್ಲಿಗೆ ತರ್ತೇನಿ.”

“ಕೊಟ್ಟು ಹೋಗ್ತೀರೇನು?”

“ಕೊಟ್ಟು ಹೋಗಾಕ ಅಲ್ರಿ, ಇಡಾಕ ಬರ್ತೇನಿ,” ಅಂದಳು ರಾಜಶ್ರೀ. “ಹೋಗೂದು ಆಮ್ಯಾಲೆ ನೋಡೂಣು.”

ಅವನು ಕಾರು ಚಾಲು ಮಾಡಿದ. ಹಿಂದೆ ಬಾಗಿಲೊಳಗೆ ಗೋಲಿ ಗುರ್ರ್ ಎಂದು ಉರುಳಿತು, ಇಬ್ಬರೂ ಅದನ್ನೇ ಕೇಳುತ್ತ ಕೂತರು.