ಹೆಪ್ಸಿಯ ಬಾಗಿಲು ಎಲ್ಲಿತ್ತು?

‘ಟಣ್!’

ನೆಲಕ್ಕೆ ಚುಚ್ಚಿದ ಸರಳು ಸದ್ದು ಮಾಡಿದ್ದೇ ತಡ, ಬ್ರಿನ್ ಕುಣಿದೇಬಿಟ್ಟಳು. “ಸಿಕ್ತು! ಮನೆ ಪಾಯದ ಕಲ್ಲು ಸಿಕ್ತು!”

ಅಣ್ಣ ಡೇಲ್ ಓಡಿ ಬಂದು ಅಗೆದ. ಸಿಕ್ಕಿದ್ದು ತುಕ್ಕು ಹಿಡಿದ ಟ್ರ್ಯಾಕ್ಟರ್ ಬೋಲ್ಟು.

“ಓಹೋ! ನಿನ್ನ ಹೆಪ್ಸಿ ಟ್ರ್ಯಾಕ್ಟರ್ ಓಡಿಸ್ತಿದ್ಲಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಹೆಪ್ಸಿ ಎಂದರೆ ಅಜ್ಜಿಯ ಮುತ್ತಜ್ಜಿ. ನೆಬ್ರಾಸ್ಕಾದ ಈ ಬಯಲಿಗೆ ಎತ್ತಿನ ಗಾಡಿಯಲ್ಲಿ ಬಂದವಳು. ಗಂಡ ತೀರಿಕೊಂಡರೂ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಇಲ್ಲೇ ನಿಂತ ಗಟ್ಟಿಗಿತ್ತಿ. ಅವಳ ಫೋಟೊ ಇಲ್ಲ, ಸಮಾಧಿ ಎಲ್ಲಿದೆಯೋ ಗೊತ್ತಿಲ್ಲ. ಅವಳ ಮನೆ ಈ ಹುಲ್ಲುಗಾವಲಿನಲ್ಲಿ ಎಲ್ಲೋ ಇತ್ತಂತೆ, ಅಷ್ಟೇ.

ನಾಳೆ ವೇಡ್ ಮಾಮ ಹುಲ್ಲುಗಾವಲನ್ನೆಲ್ಲ ಉತ್ತು ಮೆಕ್ಕೆಜೋಳ ಬಿತ್ತುವವನಿದ್ದ. “ಮನೆ ಇದ್ದ ಜಾಗ ತೋರ್ಸು ನೋಡೋಣ, ಅಷ್ಟನ್ನ ಬಿಡ್ತೀನಿ. ಸಂಜೆವರೆಗೂ ಟೈಮು,” ಎಂದಿದ್ದ.

ಅಷ್ಟರಲ್ಲಿ ಅಜ್ಜಿ ಬುಟ್ಟಿ ಹಿಡಿದು ಬಂದರು. ಸರಳು ನೋಡಿ ಹಣೆ ಚಚ್ಚಿಕೊಂಡರು.

“ಅಯ್ಯೋ ಪೆದ್ದಿ! ಕಲ್ಲೆಲ್ಲಿ ಸಿಗುತ್ತೆ? ಆಗ ಇಲ್ಲಿ ಕಲ್ಲೂ ಇಲ್ಲ, ಮರಾನೂ ಇಲ್ಲ. ಹುಲ್ಲನ್ನ ಬೇರು ಸಮೇತ ಹೆಂಟೆ ಹೆಂಟೆ ಕೊಯ್ದು ಗೋಡೆ ಕಟ್ತಿದ್ರು. ಜನ ಬಿಟ್ಟು ಹೋದ್ರೆ ಮಳೆಗೆ ಕರಗಿ ನೆಲಾನೇ ಆಗ್ಬಿಡುತ್ತೆ.”

ಬ್ರಿನ್ ಕಣ್ಣು ತುಂಬಿಕೊಂಡಿತು. ಹಾಗಾದರೆ ಬೆಳಗಿನಿಂದ ಹುಡುಕಿದ್ದೆಲ್ಲ ದಂಡ!

“ಅಳ್ಬೇಡ ಬಾರೇ. ರೂಬಾರ್ಬ್ ಕೀಳೋಣ, ಹಿಟ್ಟಿನೊಳಗೆ ತುಂಬಿ ಸುಟ್ಟು ಪೈ ಮಾಡ್ತೀನಿ.”

ಹುಲ್ಲುಗಾವಲಿನ ತಗ್ಗಿನಲ್ಲಿ ರೂಬಾರ್ಬ್ ಗಿಡಗಳು ಕೆಸುವಿನಷ್ಟು ಅಗಲ ಎಲೆ ಬಿಟ್ಟುಕೊಂಡು ನಿಂತಿದ್ದವು. ಕೆಂಪು ದಂಟು ಹುಣಸೆಹಣ್ಣಿನಷ್ಟು ಹುಳಿ. ಬ್ರಿನ್ ಮೂಗು ಒರೆಸಿಕೊಂಡು ಒಂದು ದಂಟು ಕಿತ್ತಳು. ಇನ್ನೊಂದಕ್ಕೆ ಕೈ ಹಾಕಿದವಳು ಹಾಗೇ ನಿಂತಳು.

“ಅಜ್ಜಿ, ಇದನ್ನ ಯಾರು ನೆಟ್ಟಿದ್ದು?”

“ಯಾರೂ ಇಲ್ಲ. ನಮ್ಮಮ್ಮ ಇಲ್ಲೇ ಕೀಳ್ತಿದ್ರು, ಅವರಮ್ಮನೂ ಇಲ್ಲೇ.”

“ತಾನಾಗೇ ಹುಟ್ಟುತ್ತಾ?”

“ಈ ಕಡೆ ಎಲ್ಲಿ ಹುಟ್ಟುತ್ತೆ! ಗೆಡ್ಡೆ ತಂದು ನೆಡ್ಬೇಕು...” ಅಜ್ಜಿಯ ಮಾತು ಅರ್ಧಕ್ಕೇ ನಿಂತಿತು.

“ನೀನು ಪುದೀನ ಎಲ್ಲಿ ನೆಟ್ಟಿದ್ದೀಯ ಅಜ್ಜಿ?”

“ಅಡುಗೆಮನೆ ಬಾಗಿಲ ಪಕ್ಕ. ಪಾತ್ರೆ ತೊಳೆದ ನೀರು ಚೆಲ್ಲೋ ಕಡೆ...”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೇ ಕಿರುಚಿದರು!

“ಡೇಲ್! ಗುದ್ದಲಿ ತಗೊಂಡು ಬಾರೋ, ಬೇಗ!”

ಗಿಡದ ಪಕ್ಕದಲ್ಲಿ ಡೇಲ್ ಮೆಲ್ಲಗೆ ಅಗೆದ. ಮಣ್ಣು, ಬೂದಿ, ಮತ್ತೆ ಮಣ್ಣು. ಆಮೇಲೆ ನೀಲಿ ಅಂಚಿನ ತಟ್ಟೆಯ ಒಂದು ಚೂರು. ಈ ಸಲ ಅವನು ನಗಲಿಲ್ಲ. ಅಂಗಿಗೆ ಚೂರನ್ನು ಒರೆಸಿ ತಂಗಿಯ ಕೈಗೆ ಕೊಟ್ಟ.

ವೇಡ್ ಮಾಮ ಬಂದು ನೋಡಿ ಟೋಪಿ ತೆಗೆದ. “ಸರಿ ಕಣೇ, ನಾನು ಸೋತೆ. ಇಷ್ಟು ವರ್ಷ ಈ ಪೈ ತಿಂದೂ ತಿಂದೂ ನಂಗೆ ಹೊಳೀಲಿಲ್ವಲ್ಲ!” ಎಂದು ತಾನೇ ಸುತ್ತ ಗೂಟ ಹೊಡೆದ.

ಸಂಜೆ ಬ್ರಿನ್ ಪೈ ತಿಂದಳು, ನಿಧಾನವಾಗಿ. ಎಷ್ಟು ಸಕ್ಕರೆ ಹಾಕಿದ್ದರೂ ಹುಳಿ ಅದೇ ಹುಳಿ.

ಅಜ್ಜಿ ಪಾತ್ರೆ ತೊಳೆದು ಮುಗಿಸಿದರು. ಬ್ರಿನ್ ಬಕೆಟ್ ಎತ್ತಿಕೊಂಡು ಅಂಗಳ ದಾಟಿದಳು.

“ಅಷ್ಟು ದೂರ ಎಲ್ಲಿಗೇ? ಬಾಗಿಲ ಹತ್ರ ಚೆಲ್ಲು!”

“ಬಾಗಿಲ ಹತ್ರಾನೇ ಚೆಲ್ತೀನಿ, ಅಜ್ಜಿ!”

ಬಕೆಟ್ ತುಳುಕಿ ಶೂ ಎಲ್ಲ ಒದ್ದೆಯಾಯಿತು. ಬ್ರಿನ್ ತಗ್ಗಿನ ಕಡೆಗೆ ಓಡಿದಳು.